ಅವ್ವನ ‘ಕರೆಂಟ್’ ಯಂತ್ರವೂ ಜಿನೀವಾದ ಸುರಂಗವೂ

ಪ್ರಶ್ನೆ: ನಮ್ಮದು ಹಾವೇರಿ ಜಿಲ್ಲೆಯ ಒಂದು ಹಳ್ಳಿ. ಅವ್ವನಿಗೆ 61 ವರ್ಷ. ಎಡ ಸ್ತನದ ಕ್ಯಾನ್ಸರ್‌ಗೆ ಆಪರೇಷನ್ ಆಗಿದೆ. ಇನ್ನು 15 ದಿನ ‘ಕರೆಂಟ್’ ಕೊಡಿಸಬೇಕು ಎಂದಿದ್ದಾರೆ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಆ ಕೋಣೆಯ ಬಾಗಿಲ ಮೇಲೆ ‘ಲೀನಿಯರ್ ಆಕ್ಸಿಲರೇಟರ್’ ಎಂದು ಬರೆದಿತ್ತು. ಪಿಯುಸಿ ಓದುವ ನನ್ನ ಮಗ ಅದನ್ನು ನೋಡಿ, ಜಿನೀವಾದಲ್ಲಿ ನೆಲದೊಳಗೆ ಇರುವ ದೊಡ್ಡ ಯಂತ್ರವೂ ಇದೇ ಜಾತಿಯದು ಅಂದ. ನಿಜವೇ? ಕರೆಂಟ್ ಮೈಯಲ್ಲೇ ಉಳಿಯುತ್ತದೆ, ಮಕ್ಕಳಿಗೆ ತಗಲುತ್ತದೆ ಎಂದು ಊರಲ್ಲಿ ಯಾರೋ ಹೇಳಿದ್ದಾರೆ. ಅವ್ವ ಈಗಲೇ ಮೊಮ್ಮಗಳನ್ನು ಹತ್ತಿರ ಸೇರಿಸುತ್ತಿಲ್ಲ. ಇನ್ನೊಂದು ಮಾತು. ಕಣಗಳನ್ನು ಡಿಕ್ಕಿ ಹೊಡೆಸಲು ಸಾವಿರಾರು ಕೋಟಿ ಸುರಿಯುತ್ತಾರಲ್ಲ, ಅದರಿಂದ ನಮ್ಮಂಥವರಿಗೆ ಏನು ಸಿಗುತ್ತದೆ?

ಉತ್ತರ: ಮೊದಲು ನಿಮ್ಮ ಅವ್ವನ ವಿಷಯ. ಉಳಿದದ್ದು ಆಮೇಲೆ. ಮುಂದಿನ ನಾಲ್ಕು ಸಾಲು ಇವತ್ತೇ ಅವರಿಗೆ ಓದಿ ಹೇಳಿ.

ಅವರು ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬಹುದು. ತಬ್ಬಿಕೊಳ್ಳಬಹುದು, ಪಕ್ಕದಲ್ಲೇ ಮಲಗಿಸಿಕೊಳ್ಳಬಹುದು, ತಮ್ಮ ಕೈಯಾರೆ ಉಣ್ಣಿಸಬಹುದು. ಚಿಕಿತ್ಸೆ ಮುಗಿಸಿ ಕೋಣೆಯಿಂದ ಹೊರಗೆ ಬಂದ ಗಳಿಗೆಯಿಂದಲೇ. ಅವರ ಮೈಯಲ್ಲಿ ಕಿರಣ ಒಂದಿಷ್ಟೂ ಉಳಿದಿರುವುದಿಲ್ಲ.

ಆ ಯಂತ್ರದಿಂದ ಬರುವುದು ಎಕ್ಸ್-ರೇ. ಬಲವಾದ ಎಕ್ಸ್-ರೇ, ಆದರೂ ಎಕ್ಸ್-ರೇನೇ. ರಾತ್ರಿ ದೀಪ ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಉಳಿಯುತ್ತದೆಯೇ? ಹಾಗೆಯೇ ಇದೂ. ಕೈ ಮುರಿದು ಎಕ್ಸ್-ರೇ ತೆಗೆಸಿಕೊಂಡು ಬಂದವರನ್ನು ನಾವು ದೂರ ಕೂರಿಸುವುದಿಲ್ಲ ಅಲ್ವಾ? ‘ಕರೆಂಟ್’ ಅನ್ನುವ ಹೆಸರೇ ಅರ್ಧ ಭಯಕ್ಕೆ ಕಾರಣ. ಮೈಗೆ ಯಾವ ಕರೆಂಟೂ ಹರಿಯುವುದಿಲ್ಲ. ಯಂತ್ರ ಅವರ ಮೈಯನ್ನು ಮುಟ್ಟುವುದೂ ಇಲ್ಲ. ನೋವೂ ಇಲ್ಲ, ಬಿಸಿಯೂ ಗೊತ್ತಾಗುವುದಿಲ್ಲ. ದಿನ ಕಳೆದಂತೆ ಆ ಜಾಗದ ಚರ್ಮ ಕೆಂಪಾಗಬಹುದು, ಸುಸ್ತು ಆಗಬಹುದು. ಅದು ಕಿರಣ ಮಾಡಿದ ಕೆಲಸದ ಗುರುತು. ಆಪರೇಷನ್ ಆದ ಕಡೆಯ ಕೈಯಲ್ಲಿ ಭಾರ ಎತ್ತುವ ಬಗ್ಗೆ ಮಾತ್ರ ಡಾಕ್ಟರನ್ನು ಕೇಳಿ. ಅದು ಹೆಚ್ಚಾಗಿ ಆಪರೇಷನ್ನಿನ ವಿಷಯ.

ಊರಿನವರ ಮಾತು ಪೂರ್ತಿ ಗಾಳಿಮಾತೂ ಅಲ್ಲ. ಬೇರೆ ಎರಡು ಸಂದರ್ಭಗಳಲ್ಲಿ ಅದು ನಿಜ. ಥೈರಾಯ್ಡ್ ಕ್ಯಾನ್ಸರ್ ಇರುವವರಿಗೆ ವಿಕಿರಣ ಸೂಸುವ ಅಯೋಡಿನ್ ಕುಡಿಸುತ್ತಾರೆ. ಅವರು ಕೆಲವು ದಿನ ಮಕ್ಕಳಿಂದ ದೂರ ಇರಬೇಕು. ಪೆಟ್ ಸ್ಕ್ಯಾನ್ ಮಾಡಿಸಿದವರೂ ಕೆಲವು ಗಂಟೆ ಮಕ್ಕಳು, ಬಸುರಿಯರ ಹತ್ತಿರ ಹೋಗಬಾರದು. ಅಲ್ಲಿ ಕಿರಣ ಸೂಸುವ ವಸ್ತುವೇ ಮೈಯೊಳಗೆ ಹೋಗಿರುತ್ತದೆ. ಯಾರೋ ಅದನ್ನು ಕೇಳಿ, ಇದಕ್ಕೂ ಸೇರಿಸಿ ಹೇಳಿದ್ದಾರೆ.

ಈಗ ಮಗನ ವಿಷಯ. ಅವನು ಹೇಳಿದ್ದು ಪೂರ್ತಿ ಸರಿ. ಜಾತಿ ಒಂದೇ, ಗಾತ್ರ ಬೇರೆ, ಕೆಲಸ ಬೇರೆ.

ಹಳ್ಳಿಯಲ್ಲಿ ಮಕ್ಕಳು ಹಳೇ ಸೈಕಲ್ ಟೈರನ್ನು ಕೋಲಿನಿಂದ ಬಡಿಯುತ್ತಾ ಓಡಿಸುತ್ತಾರಲ್ಲ, ಅದನ್ನು ನೆನಪು ಮಾಡಿಕೊಳ್ಳಿ. ಏಟು ಸರಿಯಾದ ಹೊತ್ತಿಗೆ ಬಿದ್ದರೆ ಟೈರು ಜೋರಾಗುತ್ತದೆ. ಹೊತ್ತು ತಪ್ಪಿದರೆ ವಾಲಿ ಬೀಳುತ್ತದೆ. ಈಗ ಒಂದು ಉದ್ದನೆಯ ಬೀದಿ. ಇಪ್ಪತ್ತು ಮಕ್ಕಳು ಸಾಲಾಗಿ ನಿಂತಿದ್ದಾರೆ. ಟೈರು ತನ್ನ ಮುಂದೆ ಬಂದಾಗ ಒಬ್ಬೊಬ್ಬರದು ಒಂದೊಂದು ಏಟು. ಬೀದಿಯ ಕೊನೆ ಮುಟ್ಟುವ ಹೊತ್ತಿಗೆ ಟೈರು ಹಿಡಿಯಲಾರದಷ್ಟು ಜೋರು. ಇದೇ ಲೀನಿಯರ್ ಆಕ್ಸಿಲರೇಟರ್. ಆಸ್ಪತ್ರೆಯಲ್ಲಿ ನಾವೆಲ್ಲ ‘ಲಿನಾಕ್’ ಅನ್ನುತ್ತೇವೆ. ಟೈರಿನ ಜಾಗದಲ್ಲಿ ಎಲೆಕ್ಟ್ರಾನ್, ಅಂದರೆ ಪರಮಾಣುವಿನೊಳಗಿನ ಒಂದು ಪುಟ್ಟ ಕಣ. ಮಕ್ಕಳ ಜಾಗದಲ್ಲಿ ಸಾಲಾಗಿ ಜೋಡಿಸಿದ ತಾಮ್ರದ ಪುಟ್ಟ ಗೂಡುಗಳು. ಕೋಲಿನ ಏಟಿನ ಜಾಗದಲ್ಲಿ ಮೈಕ್ರೋವೇವ್ ಅಲೆ.

ಆ ಅಲೆ ಸೆಕೆಂಡಿಗೆ ಸುಮಾರು 300 ಕೋಟಿ ಸಲ ಏರಿಳಿಯುತ್ತದೆ. ಅಡುಗೆಮನೆಯ ಮೈಕ್ರೋವೇವ್ ಒಲೆಯದ್ದು 245 ಕೋಟಿ. ಹತ್ತಿರದ ಸಂಬಂಧಿಗಳೇ. ಹಲವು ಲಿನಾಕ್‌ಗಳಲ್ಲಿ ಈ ಅಲೆಯನ್ನು ಹುಟ್ಟಿಸುವ ಭಾಗಕ್ಕೆ ಮ್ಯಾಗ್ನೆಟ್ರಾನ್ ಎಂದು ಹೆಸರು. ಒಲೆಯೊಳಗೂ ಇರುವುದು ಮ್ಯಾಗ್ನೆಟ್ರಾನೇ, ತುಂಬಾ ಚಿಕ್ಕದು. ನಮ್ಮ ಮನೆಯ ಕರೆಂಟು 230 ವೋಲ್ಟ್. 60 ಲಕ್ಷ ವೋಲ್ಟ್ ತಳ್ಳಿದರೆ ಎಲೆಕ್ಟ್ರಾನಿಗೆ ಎಷ್ಟು ಶಕ್ತಿ ಬರುತ್ತದೋ ಅಷ್ಟು ಶಕ್ತಿ ಈ ಗೂಡುಗಳ ಸಾಲಿನಲ್ಲಿ ಬರುತ್ತದೆ. ಕೆಲವು ಮಾದರಿಗಳಲ್ಲಿ ಆ ಸಾಲು ಒಂದು ಮೊಳ ಉದ್ದವೂ ಇಲ್ಲ! ಆ ತುದಿ ಮುಟ್ಟುವಾಗ ಎಲೆಕ್ಟ್ರಾನಿನ ವೇಗ ಬೆಳಕಿನ ವೇಗದ ಶೇ. 99.7ರಷ್ಟು.

ತುದಿಯಲ್ಲಿ ಟಂಗ್‌ಸ್ಟನ್ ಲೋಹದ ತುಂಡು. ಎಲೆಕ್ಟ್ರಾನ್ ಅದಕ್ಕೆ ಬಡಿಯುತ್ತದೆ. ಅದರ ಶಕ್ತಿಯಲ್ಲಿ ಒಂದು ಪಾಲು ಎಕ್ಸ್-ರೇ ಆಗಿ ಮುಂದಕ್ಕೆ ಹೊರಡುತ್ತದೆ. ದಾರಿಯಲ್ಲಿ ಟಂಗ್‌ಸ್ಟನ್ನಿನದೇ ತೆಳು ಪಟ್ಟಿಗಳು ಎರಡೂ ಕಡೆಯಿಂದ ಬಾಚಣಿಗೆಯ ಹಲ್ಲುಗಳ ಹಾಗೆ ನಿಂತಿರುತ್ತವೆ. ಒಂದೊಂದೂ ಬೇರೆಬೇರೆಯಾಗಿ ಸರಿಯುತ್ತದೆ. ಕಿರಣ ಎಲ್ಲಿ ಬೀಳಬೇಕೋ ಆ ಜಾಗದ ಆಕಾರಕ್ಕೆ ನಡುವೆ ಒಂದು ಕಿಂಡಿ ಮಾಡಿಕೊಡುತ್ತವೆ. ನಿಮ್ಮ ಅವ್ವನ ಎದೆಗೆ ಬೇಕಾದ ಕಿಂಡಿ ಅವರೊಬ್ಬರಿಗೇ. ಪಕ್ಕದ ಬೆಂಚಿನಲ್ಲಿ ಕೂತ ರೋಗಿಗೆ ಅದು ಹೊಂದುವುದಿಲ್ಲ.

ನಾನು 20 ವರ್ಷ ಆಸ್ಪತ್ರೆಗಳಲ್ಲಿ ಮೆಡಿಕಲ್ ಫಿಸಿಸಿಸ್ಟ್ ಆಗಿ ಈ ಯಂತ್ರಗಳ ಜೊತೆ ಇದ್ದವನು. ಮೊದಲ ರೋಗಿ ಬರುವ ಮುಂಚೆಯೇ ನಮ್ಮ ಕೆಲಸ ಶುರು. ಇಷ್ಟು ಕೊಡು ಅಂದರೆ ಯಂತ್ರ ಅಷ್ಟೇ ಕೊಡುತ್ತದೆಯೇ ಎಂದು ಅಳೆಯಬೇಕು. ಗೋಡೆಗಳಿಂದ ಬರುವ ಲೇಸರ್ ಗೆರೆಗಳು ಸರಿಯಾದ ಜಾಗದಲ್ಲೇ ಕೂಡುತ್ತವೆಯೇ ನೋಡಬೇಕು. ಬಾಗಿಲು ತೆರೆದರೆ ಕಿರಣ ತಾನಾಗಿ ನಿಲ್ಲುತ್ತದೆಯೇ ಪರೀಕ್ಷಿಸಬೇಕು. ಇದನ್ನೆಲ್ಲ ದಿನಾ ಮಾಡಬೇಕು. ರೋಗಿಗಳಿಗೆ ನಾವು ಕಾಣಿಸುವುದೇ ಕಮ್ಮಿ. ಆದರೆ ಅವರ ಮೇಲೆ ಬೀಳುವ ಪ್ರತಿ ಕಿರಣದ ಲೆಕ್ಕ ನಮ್ಮ ಕೈಯಲ್ಲಿ ಹಾದು ಹೋಗಿರುತ್ತದೆ.

ಕಿರಣ ಕೊಡುವಾಗ ಎಲ್ಲರೂ ಹೊರಗೆ ಹೋಗುತ್ತಾರೆ. ಅವ್ವ ಒಬ್ಬರೇ ಒಳಗೆ. ಅದನ್ನು ಮೊದಲೇ ಹೇಳಿಡಿ, ಇಲ್ಲದಿದ್ದರೆ ಗಾಬರಿ ಆಗುತ್ತಾರೆ. ಸಿಬ್ಬಂದಿಗೆ ಹೀಗೆ ದಿನಕ್ಕೆ ಹತ್ತಾರು ರೋಗಿಗಳು. ಪ್ರತಿ ಸಲವೂ ಒಳಗೇ ನಿಂತರೆ ವರ್ಷಗಟ್ಟಲೆ ಅವರ ಮೈಗೂ ಕಿರಣ ಬೀಳುತ್ತದೆ. ಅದಕ್ಕೇ ಹೊರಗೆ ಹೋಗುವುದು. ಕ್ಯಾಮೆರಾದಲ್ಲಿ ಅವ್ವ ಕಾಣುತ್ತಿರುತ್ತಾರೆ, ಮೈಕಿನಲ್ಲಿ ಅವರ ಮಾತು ಕೇಳುತ್ತಿರುತ್ತದೆ. ಕಿರಣ ನೇರವಾಗಿ ಬಡಿಯುವ ಕಡೆ ಕಾಂಕ್ರೀಟ್ ಗೋಡೆ ಒಂದೂವರೆಯಿಂದ ಎರಡು ಮೀಟರ್ ದಪ್ಪ ಇರುತ್ತದೆ. ಕಿರಣ ಬೀಳುವುದು ಕೆಲವೇ ನಿಮಿಷ.

ಈ ಯಂತ್ರ ಎಲ್ಲಿಂದ ಬಂತು ಅನ್ನುವುದರಲ್ಲೇ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಇದೆ ಎಂದು ನನಗೆ ಅನ್ನಿಸುತ್ತದೆ. ಅದಕ್ಕೇ ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

1895ರಲ್ಲಿ ಜರ್ಮನಿಯ ರಾಂಟ್‌ಜೆನ್ ಗಾಳಿ ತೆಗೆದ ಗಾಜಿನ ಕೊಳವೆಯಲ್ಲಿ ಕರೆಂಟು ಹರಿಸುತ್ತಿದ್ದಾಗ ಎಕ್ಸ್-ರೇ ಸಿಕ್ಕಿತು. ಎರಡು ವರ್ಷದ ನಂತರ ಇಂಗ್ಲೆಂಡಿನ ಜೆ.ಜೆ. ಥಾಮ್ಸನ್ ಅಂಥದೇ ಕೊಳವೆಯಲ್ಲಿ ಎಲೆಕ್ಟ್ರಾನನ್ನು ಗುರುತಿಸಿದರು. 1928ರಲ್ಲಿ ನಾರ್ವೆಯ ರಾಲ್ಫ್ ವಿಡರೋ, ಕಣಕ್ಕೆ ಸಾಲಾಗಿ ಏಟು ಕೊಡುವ ಯಂತ್ರ ಮಾಡಿ ತೋರಿಸಿ ಜರ್ಮನ್ ಭಾಷೆಯಲ್ಲಿ ಲೇಖನ ಬರೆದರು. ಅಮೆರಿಕದ ಬರ್ಕ್ಲಿಯಲ್ಲಿದ್ದ ಅರ್ನೆಸ್ಟ್ ಲಾರೆನ್ಸ್ ಕೈಗೆ ಅದು ಸಿಕ್ಕಿತು. ಅವರಿಗೆ ಜರ್ಮನ್ ಸರಿಯಾಗಿ ಬರುತ್ತಿರಲಿಲ್ಲ. ಚಿತ್ರಗಳನ್ನು ನೋಡಿಯೇ ವಿಷಯ ಹಿಡಿದರು.

ಲಾರೆನ್ಸ್ ಯೋಚಿಸಿದ್ದು ಇದು: ಬೀದಿಯುದ್ದಕ್ಕೂ ಇಪ್ಪತ್ತು ಮಕ್ಕಳು ಯಾಕೆ ಬೇಕು? ಟೈರನ್ನು ದುಂಡಗೆ ತಿರುಗಿಸಿದರೆ ಒಬ್ಬನೇ ಹುಡುಗ ಸಾಕು. ಸುತ್ತು ಬಂದಾಗಲೆಲ್ಲ ಅವನೇ ಒಂದು ಏಟು ಕೊಡುತ್ತಾನೆ. ಕಣವನ್ನು ದುಂಡಗೆ ತಿರುಗಿಸಲು ಅಯಸ್ಕಾಂತ ಬಳಸಿದರು. ಸೈಕ್ಲೋಟ್ರಾನ್ ಹುಟ್ಟಿತು. 1931ರ ಮೊದಲ ಸೈಕ್ಲೋಟ್ರಾನ್ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಅಡ್ಡಳತೆ 11 ಸೆಂಟಿಮೀಟರ್. ಅದರಿಂದ ಬಂದದ್ದು 80 ಸಾವಿರ ವೋಲ್ಟ್‌ನಷ್ಟು ಶಕ್ತಿ. 1939ರಲ್ಲಿ ಲಾರೆನ್ಸ್‌ಗೆ ನೊಬೆಲ್ ಬಂತು.

ಅದಕ್ಕೂ ಮುಂಚೆ ಅವರ ಮನೆಯಲ್ಲಿ ಒಂದು ಘಟನೆ ನಡೆಯಿತು. 1937ರಲ್ಲಿ ಅವರ ತಾಯಿಗೆ ಕ್ಯಾನ್ಸರ್ ಎಂದು ಗೊತ್ತಾಯಿತು. ಆಪರೇಷನ್ ಆಗುವುದಿಲ್ಲ, ಕೆಲವೇ ತಿಂಗಳು ಎಂದರು ಡಾಕ್ಟರು. ಲಾರೆನ್ಸ್ ಅವರ ಪ್ರಯೋಗಾಲಯದಲ್ಲೇ ರೂಪುಗೊಂಡ ಹತ್ತು ಲಕ್ಷ ವೋಲ್ಟ್‌ನ ಎಕ್ಸ್-ರೇ ಯಂತ್ರವೊಂದು ಆಗ ಸ್ಯಾನ್ ಫ್ರಾನ್ಸಿಸ್ಕೋದ ಆಸ್ಪತ್ರೆಯಲ್ಲಿತ್ತು. ಅದರಲ್ಲಿ ಆ ತಾಯಿಗೆ ಕಿರಣ ಕೊಟ್ಟರು. ಗಡ್ಡೆ ಕರಗಿತು. ಆಮೇಲೆ ಅವರು ಹತ್ತು ವರ್ಷಕ್ಕೂ ಜಾಸ್ತಿ ಬದುಕಿದರು. ಪರಮಾಣುವಿನ ಒಳಗನ್ನು ತಿಳಿಯಲು ಹೊರಟ ಮಗನ ಕೆಲಸ ಅವರ ತಾಯಿಯನ್ನು ಉಳಿಸಿತು. ನಿಮ್ಮ ಪತ್ರ ಓದಿದಾಗ ನನಗೆ ಮೊದಲು ನೆನಪಾದದ್ದು ಇದೇ.

ಇನ್ನು ಮ್ಯಾಗ್ನೆಟ್ರಾನ್. ಅದು ಬಂದದ್ದು ಯುದ್ಧದ ಕಡೆಯಿಂದ. 1940ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ರಾಂಡಲ್ ಮತ್ತು ಬೂಟ್ ಎಂಬಿಬ್ಬರು ರೇಡಾರ್‌ಗಾಗಿ ಅದನ್ನು ಬಲಪಡಿಸಿದರು. ವೈರಿ ವಿಮಾನ ಹುಡುಕುವ ಅಲೆ ಅದು. ಯುದ್ಧ ಮುಗಿದ ಮೇಲೆ ಭೌತಶಾಸ್ತ್ರದವರು ಆ ಅಲೆಯನ್ನು ಎಲೆಕ್ಟ್ರಾನಿಗೆ ಏಟು ಕೊಡಲು ತಂದರು. 1953ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಲಿನಾಕ್ ಚಿಕಿತ್ಸೆ ಶುರುವಾಯಿತು. 1956ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಎರಡು ವರ್ಷದ ಒಂದು ಮಗುವಿಗೆ ಕಣ್ಣಿನ ಕ್ಯಾನ್ಸರ್. ಒಂದು ಕಣ್ಣು ಆಗಲೇ ತೆಗೆದಿದ್ದರು. ಇನ್ನೊಂದರಲ್ಲೂ ಗಡ್ಡೆ. ಡಾಕ್ಟರ್ ಹೆನ್ರಿ ಕಪ್ಲಾನ್ ಮತ್ತು ಭೌತವಿಜ್ಞಾನಿ ಎಡ್ವರ್ಡ್ ಗಿಂಜ್‌ಟನ್ ಸೇರಿ ಮಾಡಿದ ಲಿನಾಕ್‌ನಲ್ಲಿ ಅದಕ್ಕೆ ಕಿರಣ ಕೊಟ್ಟರು. ಆ ಕಣ್ಣು ಉಳಿಯಿತು.

ಅದೇ ಸ್ಟ್ಯಾನ್‌ಫರ್ಡ್‌ನವರು ಮುಂದೆ ಅದೇ ವಿದ್ಯೆಯಿಂದ 3 ಕಿಲೋಮೀಟರ್‌ಗೂ ಉದ್ದದ ಲಿನಾಕ್ ಕಟ್ಟಿದರು. 1966ರಲ್ಲಿ ಅದು ಕೆಲಸ ಶುರು ಮಾಡಿತು. ಪರಮಾಣುವಿನ ನಡುವೆ ಇರುವ ಪ್ರೋಟಾನ್ ಎಂಬ ಕಣದೊಳಗೆ ಇನ್ನೂ ಸಣ್ಣ ಕಣಗಳಿವೆ, ಅಂದರೆ ಕ್ವಾರ್ಕ್‌ಗಳಿವೆ ಎಂಬ ಸಾಕ್ಷಿ ಸಿಕ್ಕಿದ್ದು ಅಲ್ಲೇ. ಮಗುವಿನ ಕಣ್ಣು ಉಳಿಸಿದ ಯಂತ್ರ, ಕ್ವಾರ್ಕ್ ತೋರಿಸಿದ ಯಂತ್ರ, ಎರಡೂ ಒಂದೇ ಮನೆಯ ಮಕ್ಕಳು.

ನಿಮ್ಮ ಅವ್ವನಿಗೆ ಪೆಟ್ ಸ್ಕ್ಯಾನ್ ಆಗಿದ್ದರೆ, ಅವರು ಲಾರೆನ್ಸ್‌ರ ಸೈಕ್ಲೋಟ್ರಾನಿನ ಪ್ರಯೋಜನವನ್ನೂ ಪಡೆದಿದ್ದಾರೆ ಎಂದೇ ಅರ್ಥ. ಆ ಸ್ಕ್ಯಾನಿಗೆ ಚುಚ್ಚುವ ಔಷಧಿಯಲ್ಲಿ ಫ್ಲೋರಿನ್-18 ಎಂಬ ವಸ್ತು ಇರುತ್ತದೆ. ಅದು ಗಣಿಯಲ್ಲಿ ಸಿಗುವುದಿಲ್ಲ. ವಿಶೇಷ ಬಗೆಯ ನೀರಿಗೆ ಸೈಕ್ಲೋಟ್ರಾನಿನಿಂದ ಪ್ರೋಟಾನ್ ಬಡಿಸಿ ಹುಟ್ಟಿಸಬೇಕು. ಆಮೇಲೆ ಅದನ್ನು ಸಕ್ಕರೆಯಂಥ ಅಣುವಿಗೆ ಅಂಟಿಸುತ್ತಾರೆ. ಕ್ಯಾನ್ಸರ್ ಜೀವಕೋಶಗಳು ಸಕ್ಕರೆಯನ್ನು ಜಾಸ್ತಿ ಎಳೆದುಕೊಳ್ಳುತ್ತವೆ. ಹಾಗಾಗಿ ಸ್ಕ್ಯಾನಿನಲ್ಲಿ ಅವು ಹೊಳೆಯುತ್ತವೆ. ಕಷ್ಟ ಏನೆಂದರೆ ಫ್ಲೋರಿನ್-18 ಪ್ರತಿ 110 ನಿಮಿಷಕ್ಕೆ ಅರ್ಧ ಆಗುತ್ತದೆ. ಹನ್ನೊಂದು ಗಂಟೆಯಲ್ಲಿ ಉಳಿಯುವುದು 64ರಲ್ಲಿ ಒಂದು ಪಾಲು. ಕೂಡಿಟ್ಟು ಮಾರುವಂತಿಲ್ಲ. ದೂರದ ದೇಶದಿಂದ ತರಿಸುವಂತಿಲ್ಲ. ಅದಕ್ಕೇ ಬೆಂಗಳೂರಿನಂಥ ಊರುಗಳಲ್ಲೇ ಸೈಕ್ಲೋಟ್ರಾನ್ ಇಟ್ಟಿದ್ದಾರೆ. ಔಷಧಿ ಹೊತ್ತ ವಾಹನ ಗಡಿಯಾರದ ಜೊತೆ ಓಡುತ್ತಿರುತ್ತದೆ.

ಈಗ ಜಿನೀವಾಕ್ಕೆ ಹೋಗೋಣ. ಅಲ್ಲಿ ಕಣಗಳ ಸಂಶೋಧನೆ ಮಾಡುವ ಸರ್ನ್ ಸಂಸ್ಥೆ ಶುರುವಾದದ್ದು 1954ರಲ್ಲಿ. ಅದರ ಈಗಿನ ದೊಡ್ಡ ಯಂತ್ರದ ಹೆಸರು ಲಾರ್ಜ್ ಹ್ಯಾಡ್ರಾನ್ ಕೊಲೈಡರ್. ನೆಲದಿಂದ ಸುಮಾರು 100 ಮೀಟರ್ ಕೆಳಗೆ, 27 ಕಿಲೋಮೀಟರ್ ಸುತ್ತಳತೆಯ ಸುರಂಗ. ಅದರಲ್ಲಿ ಎರಡು ಕೊಳವೆ. ಪ್ರೋಟಾನ್‌ಗಳು ಒಂದರಲ್ಲಿ ಈ ಕಡೆಯಿಂದ, ಇನ್ನೊಂದರಲ್ಲಿ ಆ ಕಡೆಯಿಂದ ಸುತ್ತುತ್ತವೆ. ಇಲ್ಲೂ ಅದೇ ಟೈರು, ಅದೇ ಕೋಲು. ಇಡೀ ಸುತ್ತಿನಲ್ಲಿ ಏಟು ಕೊಡುವ ಗೂಡುಗಳು ಒಂದೊಂದು ಕೊಳವೆಗೆ ಎಂಟೇ. ಪ್ರೋಟಾನ್ ಸೆಕೆಂಡಿಗೆ 11,245 ಸುತ್ತು ಹಾಕುತ್ತದೆ. ಹೀಗೆ ಸುಮಾರು 20 ನಿಮಿಷ ಏಟು ತಿಂದ ಮೇಲೆ ಪೂರ್ತಿ ಶಕ್ತಿ ಬರುತ್ತದೆ. ಅಷ್ಟರಲ್ಲಿ ಒಂದು ಕೋಟಿಗೂ ಜಾಸ್ತಿ ಸುತ್ತು ಆಗಿರುತ್ತದೆ. ಆಗ ಅದರ ವೇಗ ಬೆಳಕಿಗಿಂತ ಸೆಕೆಂಡಿಗೆ ಬರೀ 3 ಮೀಟರ್ ಕಮ್ಮಿ.

ಅಷ್ಟು ದೊಡ್ಡ ಸುತ್ತು ಯಾಕೆ ಎಂದು ನಿಮ್ಮ ಮಗ ಕೇಳಬಹುದು. ಜೋರಾಗಿ ಓಡುವ ಬಸ್ಸು ಸಣ್ಣ ತಿರುವಿನಲ್ಲಿ ತಿರುಗುವುದಿಲ್ಲ, ಅಲ್ವಾ? ಪ್ರೋಟಾನಿನ ಶಕ್ತಿ ಹೆಚ್ಚಾದಷ್ಟೂ ಅದನ್ನು ಬಾಗಿಸುವುದು ಕಷ್ಟ. ಬಾಗಿಸಲು 1,232 ದೊಡ್ಡ ವಿದ್ಯುತ್ಕಾಂತಗಳಿವೆ. ಸೊನ್ನೆಗಿಂತ 271 ಡಿಗ್ರಿ ಕೆಳಗೆ, ದ್ರವ ಹೀಲಿಯಂನಲ್ಲಿ ಅವನ್ನು ತಣ್ಣಗಿಟ್ಟಿರುತ್ತಾರೆ. ಇಷ್ಟೆಲ್ಲ ಮಾಡಿದರೂ ಒಂದು ಡಿಕ್ಕಿಯ ಶಕ್ತಿ ಹಾರುವ ಹತ್ತು ಹದಿನೈದು ಸೊಳ್ಳೆಗಳಷ್ಟೇ. ಆದರೆ ಆ ಶಕ್ತಿಯೆಲ್ಲ ಪ್ರೋಟಾನಿನಷ್ಟು ಚಿಕ್ಕ ಜಾಗದಲ್ಲಿ ಸೇರಿರುತ್ತದೆ. ಅಲ್ಲಿ ಹೊಸ ಕಣಗಳು ಹುಟ್ಟುತ್ತವೆ.

2012ರ ಜುಲೈ 4ರಂದು ಸಿಕ್ಕಿತು ಎಂದು ಹೇಳಿದ ಹಿಗ್ಸ್ ಕಣ ಹಾಗೆ ಹುಟ್ಟಿದ್ದು. 1964ರಲ್ಲಿ ಕಾಗದದ ಮೇಲೆ ಬರೆದಿಟ್ಟಿದ್ದ ಕಣ ಅದು. 48 ವರ್ಷ ಕಾಯಬೇಕಾಯಿತು. ಎಲೆಕ್ಟ್ರಾನ್‌ನಂಥ ಕಣಗಳಿಗೆ ತೂಕ ಎಲ್ಲಿಂದ ಬರುತ್ತದೆ ಅನ್ನುವುದಕ್ಕೆ ಅದು ಸಾಕ್ಷಿ. ಎಲೆಕ್ಟ್ರಾನಿಗೆ ತೂಕ ಇಲ್ಲದಿದ್ದರೆ ಪರಮಾಣು ಕಟ್ಟಿಕೊಳ್ಳುತ್ತಿರಲಿಲ್ಲ. ಕಲ್ಲು, ನೀರು, ನಾವು ನೀವು ಯಾರೂ ಇರುತ್ತಿರಲಿಲ್ಲ.

ಹಾಗಾದರೆ ನಮಗೇನು ಸಿಕ್ಕಿತು? ನೇರವಾಗಿ ಹೇಳುತ್ತೇನೆ. ಹಿಗ್ಸ್ ಕಣದಿಂದ ಇವತ್ತಿಗೆ ಯಾವ ಔಷಧಿಯೂ ಬಂದಿಲ್ಲ. ಬರುತ್ತದೆ ಎಂದು ನಾನು ಮಾತು ಕೊಡುವುದೂ ಇಲ್ಲ. ಸರ್ನ್‌ನಲ್ಲಿದ್ದ ಟಿಮ್ ಬರ್ನರ್ಸ್-ಲೀ 1989ರಲ್ಲಿ ಯೋಚಿಸಿದ ವರ್ಲ್ಡ್ ವೈಡ್ ವೆಬ್ ಅನ್ನು ಹಲವರು ಇದಕ್ಕೆ ಉತ್ತರವಾಗಿ ಕೊಡುತ್ತಾರೆ. ವಿಜ್ಞಾನಿಗಳು ಮಾಹಿತಿ ಹಂಚಿಕೊಳ್ಳಲಿ ಎಂದು ಮಾಡಿದ್ದು ಅದು. 1993ರಲ್ಲಿ ಸರ್ನ್ ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ದೊಡ್ಡ ಕೊಡುಗೆಯೇ. ಆದರೆ ಅದೊಂದನ್ನೇ ತೋರಿಸಿ ಖರ್ಚು ಸರಿಯಾಯಿತು ಅನ್ನುವುದು ನನಗೆ ಒಪ್ಪಿಗೆ ಆಗುವುದಿಲ್ಲ. ವೆಬ್ ಸಿಗಲಿ ಎಂದು ಯಾರೂ ಸುರಂಗ ತೋಡಲಿಲ್ಲ.

ನಾನು ಕಣ್ಣಾರೆ ಕಂಡದ್ದು ಬೇರೆ. ಹರಿದು ಬರುವುದು ವಿದ್ಯೆ, ಮತ್ತು ಆ ವಿದ್ಯೆ ಕಲಿತ ಕೈಗಳು. ಅಮೆರಿಕದ ರಾಬರ್ಟ್ ವಿಲ್ಸನ್ ಅವರನ್ನೇ ನೋಡಿ. ಲಾರೆನ್ಸ್ ಅವರ ಶಿಷ್ಯ. ಷಿಕಾಗೋ ಹತ್ತಿರದ ಫರ್ಮಿಲ್ಯಾಬ್ ಎಂಬ ದೊಡ್ಡ ಕೇಂದ್ರ ಕಟ್ಟಿದವರು. ಅವರೇ 1946ರಲ್ಲಿ ಒಂದು ಲೇಖನ ಬರೆದರು. ಎಕ್ಸ್-ರೇ ಮೈಯನ್ನು ಹಾದು ಆಚೆ ಹೋಗುತ್ತದೆ. ಪ್ರೋಟಾನ್ ಹಾಗಲ್ಲ. ಒಂದು ಆಳಕ್ಕೆ ಹೋಗಿ, ಅಲ್ಲೇ ತನ್ನ ಶಕ್ತಿ ಸುರಿದು ನಿಂತುಬಿಡುತ್ತದೆ. ಗಡ್ಡೆಯ ಹಿಂದಿರುವ ಭಾಗಕ್ಕೆ ಪೆಟ್ಟು ಬೀಳುವುದಿಲ್ಲ. ಕ್ಯಾನ್ಸರ್‌ಗೆ ಇದನ್ನು ಬಳಸಬಹುದು ಎಂದು ಅವರು ತೋರಿಸಿಕೊಟ್ಟರು. 1954ರಲ್ಲಿ ಬರ್ಕ್ಲಿಯಲ್ಲಿ ಮೊದಲ ರೋಗಿಗೆ ಪ್ರೋಟಾನ್ ಕೊಟ್ಟರು. ಚೆನ್ನೈಯಲ್ಲಿ 2019ರಿಂದ ಈ ಚಿಕಿತ್ಸೆ ಇದೆ. ನವಿ ಮುಂಬಯಿಯಲ್ಲಿ ಟಾಟಾ ಮೆಮೋರಿಯಲ್‌ನವರ ಕೇಂದ್ರದಲ್ಲೂ ಇದೆ. ಮಕ್ಕಳ ಮಿದುಳಿನ ಗಡ್ಡೆಗಳಿಗೆ ಅದು ವರವೇ ಸರಿ. ಬೆಳೆಯುವ ಮಿದುಳನ್ನು ಕಾಪಾಡುತ್ತದೆ. ಆದರೆ ಎಲ್ಲ ಕ್ಯಾನ್ಸರ್‌ಗೂ ಅದೇ ಬೇಕೆಂದಿಲ್ಲ. ಯಾರಾದರೂ ಹೇಳಿದರೆಂದು ಹೊಲ ಮಾರಿ ಅಲ್ಲಿಗೆ ಓಡಬೇಡಿ. ಸ್ತನದ ಕ್ಯಾನ್ಸರ್ ಇರುವ ಹೆಚ್ಚಿನವರಿಗೆ ಒಳ್ಳೆಯ ಲಿನಾಕ್ ಚಿಕಿತ್ಸೆ ಸಾಕು.

ಪ್ರಪಂಚದಲ್ಲಿ ಈಗ 30 ಸಾವಿರಕ್ಕೂ ಹೆಚ್ಚು ವೇಗವರ್ಧಕ ಯಂತ್ರಗಳು, ಅಂದರೆ ಆಕ್ಸಿಲರೇಟರ್‌ಗಳು ಇವೆ ಎಂದು ಅಂದಾಜು. ಕಣ ಹುಡುಕುವ ಕೆಲಸಕ್ಕೆ ಇರುವುದು ಅದರಲ್ಲಿ ತೀರಾ ಕಮ್ಮಿ. ಉಳಿದವು ಆಸ್ಪತ್ರೆಗಳಲ್ಲಿ, ಕಾರ್ಖಾನೆಗಳಲ್ಲಿ ಇವೆ. ನಿಮ್ಮ ಮೊಬೈಲಿನ ಚಿಪ್ಪಿನಲ್ಲಿ ಸಿಲಿಕಾನ್ ಒಳಗೆ ಬೋರಾನ್, ರಂಜಕದಂಥ ಪರಮಾಣುಗಳನ್ನು ನಾಟಿರುತ್ತಾರಲ್ಲ, ಅದಕ್ಕೂ ಇಂಥ ಯಂತ್ರವೇ. ವೈರಿನ ಪ್ಲಾಸ್ಟಿಕ್ ಹೊದಿಕೆ ಶಾಖ ತಡೆಯುವ ಹಾಗೆ ಗಟ್ಟಿ ಮಾಡಲು, ಸಿರಿಂಜಿನ ಕ್ರಿಮಿ ಕೊಲ್ಲಲು, ಬಂದರಿನಲ್ಲಿ ಕಂಟೇನರ್ ತೆರೆಯದೇ ಒಳಗೆ ನೋಡಲು, ಎಲ್ಲದಕ್ಕೂ ಎಲೆಕ್ಟ್ರಾನ್ ಓಡಿಸುವ ಯಂತ್ರ ಇದೆ.

ನಮ್ಮ ದೇಶದ ಕಥೆಯನ್ನೂ ಮಗನಿಗೆ ಹೇಳಬೇಕು. ಕಲ್ಕತ್ತೆಯ ಮೇಘನಾದ್ ಸಹಾ ಸ್ವಾತಂತ್ರ್ಯಕ್ಕೆ ಮುಂಚೆಯೇ ಸೈಕ್ಲೋಟ್ರಾನ್ ಕಟ್ಟಬೇಕೆಂದು ಹೊರಟವರು. ತಮ್ಮ ಶಿಷ್ಯ ಬಿ.ಡಿ. ನಾಗಚೌಧುರಿ ಅವರನ್ನು ಕಲಿಯಲು ಲಾರೆನ್ಸ್ ಬಳಿಗೇ ಕಳಿಸಿದರು. ಯಂತ್ರದ ಭಾಗಗಳು ಅಮೆರಿಕದಿಂದ ಹಡಗಿನಲ್ಲಿ ಹೊರಟವು. ಗಾಳಿ ತೆಗೆಯುವ ಪಂಪುಗಳಿದ್ದ ಹಡಗು ಯುದ್ಧದಲ್ಲಿ ಮುಳುಗಿತು. ಆ ಕೆಲಸ ವರ್ಷಗಟ್ಟಲೆ ಹಿಂದೆ ಬಿತ್ತು. ಕೊನೆಗೆ 1977ರಲ್ಲಿ ಅದೇ ಕಲ್ಕತ್ತೆಯಲ್ಲಿ ನಮ್ಮವರೇ ಕಟ್ಟಿದ ದೊಡ್ಡ ಸೈಕ್ಲೋಟ್ರಾನ್ ಶುರುವಾಯಿತು. ಅದಕ್ಕಾಗಿ ದುಡಿದವರಲ್ಲಿ ರಾಜಾ ರಾಮಣ್ಣ ಮುಖ್ಯರು. ತುಮಕೂರು ಜಿಲ್ಲೆಯ ತಿಪಟೂರಿನಲ್ಲಿ ಹುಟ್ಟಿದವರು. ಇಂದೋರಿನ ವೇಗವರ್ಧಕ ಕೇಂದ್ರಕ್ಕೆ ಈಗ ಅವರದೇ ಹೆಸರು. ಅಲ್ಲಿ ಇಂಡಸ್-2 ಎಂಬ 172 ಮೀಟರ್ ಸುತ್ತಳತೆಯ ಯಂತ್ರ ಇದೆ. ಎಲೆಕ್ಟ್ರಾನ್ ತಿರುವಿನಲ್ಲಿ ಸೂಸುವ ಎಕ್ಸ್-ರೇಯನ್ನು ಅಲ್ಲಿ ಹಿಡಿದು, ಹೊಸ ಲೋಹ, ಔಷಧಿಯ ಅಣು, ಪ್ರೋಟೀನ್‌ಗಳ ಒಳಗಟ್ಟು ನೋಡುತ್ತಾರೆ. ಮಂಗಳೂರು ವಿಶ್ವವಿದ್ಯಾಲಯದ ಕೊಣಾಜೆ ಆವರಣದಲ್ಲಿರುವ ಮೈಕ್ರೋಟ್ರಾನ್ ಕೂಡ ಇಂದೋರಿನವರ ನೆರವಿನಿಂದಲೇ ಬಂದದ್ದು. ಲಿನಾಕ್ ಹಾಗೆ ಅದೂ ಎಲೆಕ್ಟ್ರಾನ್ ಓಡಿಸುವ ಯಂತ್ರ. ನಮ್ಮ ಎಷ್ಟೋ ಎಂಎಸ್ಸಿ ಹುಡುಗರು, ಹುಡುಗಿಯರು ಕಿರಣ ಅಳೆಯುವುದನ್ನು ಕಲಿತದ್ದು ಅಲ್ಲಿ.

ಜಿನೀವಾದ ಸುರಂಗದಲ್ಲೂ ನಮ್ಮ ಕೈಕೆಲಸ ಇದೆ. ಅಲ್ಲಿನ ಒಂದೊಂದು ದೊಡ್ಡ ಕಾಂತ 15 ಮೀಟರ್ ಉದ್ದ, 30 ಟನ್ನಿಗೂ ಜಾಸ್ತಿ ಭಾರ. ಅದನ್ನು ಕೂದಲೆಳೆಯಷ್ಟೂ ಆಚೀಚೆ ಆಗದ ಹಾಗೆ ಕೂರಿಸಬೇಕು. ಕೂರಿಸುವ ಜಾಕ್‌ಗಳನ್ನು ಕೊಟ್ಟದ್ದು ಭಾರತ. ಸುಮಾರು 7,000 ಜಾಕ್‌ಗಳು. ಅವು ತಯಾರಾದದ್ದು ಬೆಂಗಳೂರು ಮತ್ತು ಇಂದೋರಿನಲ್ಲಿ. 2017ರಿಂದ ಭಾರತ ಸರ್ನ್‌ನ ಸಹಸದಸ್ಯ ದೇಶ.

ಸಂಶೋಧನೆಗೆ ದುಡ್ಡು ಜಾಸ್ತಿ ಆಯಿತು ಅನ್ನುವುದು ನಿಮ್ಮ ಅನುಮಾನ. ನನ್ನ ದೂರು ಬೇರೆ. ಇಷ್ಟು ಹಳೆಯ ವಿದ್ಯೆ ಇನ್ನೂ ನಿಮ್ಮ ಊರಿನ ಹತ್ತಿರಕ್ಕೆ ಬಂದಿಲ್ಲ. ನೀವು 15 ದಿನ ಅವ್ವನನ್ನು ಕರೆದುಕೊಂಡು ಹುಬ್ಬಳ್ಳಿಗೆ ಓಡಾಡಬೇಕು. ಕೂಲಿ ಬಿಡಬೇಕು, ಇಲ್ಲವೇ ಅಲ್ಲೇ ರೂಮು ಹಿಡಿಯಬೇಕು. ಅರ್ಧಕ್ಕೇ ಚಿಕಿತ್ಸೆ ಬಿಟ್ಟು ಹೋದವರನ್ನು ನಾನು ನೋಡಿದ್ದೇನೆ. ನಾನು ಕೆಲಸ ಮಾಡಿದ ಒಂದು ಆಸ್ಪತ್ರೆಯಲ್ಲಿ ಒಮ್ಮೆ ಮ್ಯಾಗ್ನೆಟ್ರಾನ್ ಕೆಟ್ಟಿತು. ಹೊಸದು ಹೊರದೇಶದಿಂದ ಬರಬೇಕು. ಆರು ದಿನ ಯಂತ್ರ ನಿಂತಿತು. ಬಾಗಿಲ ಮುಂದೆ ಬೆಂಚಿನ ಮೇಲೆ ಕೂತವರಿಗೆ ದಿನಾ ಬೆಳಿಗ್ಗೆ ‘ಇವತ್ತೂ ಇಲ್ಲ’ ಎಂದು ಹೇಳುವ ಕೆಲಸ ನನ್ನದಾಗಿತ್ತು. ಬೀದರಿನಿಂದ ಬಂದಿದ್ದ ಒಬ್ಬ ಅಜ್ಜಿ ನನ್ನ ಕೈ ಹಿಡಿದು, ‘ನಾಳೆ ಆದ್ರೂ ಆಗ್ತದೇನಪ್ಪಾ’ ಅಂದದ್ದು ಇನ್ನೂ ಕಿವಿಯಲ್ಲಿದೆ.

ಅದಕ್ಕೇ ಈ ಯಂತ್ರಗಳನ್ನು ಇಲ್ಲೇ ಮಾಡಲು ಕಲಿಯಬೇಕು ಎಂದು ನಾನು ಹಟದಿಂದ ಹೇಳುತ್ತೇನೆ. ಮುಂಬಯಿಯ ಸಮೀರ್ ಎಂಬ ಸರ್ಕಾರಿ ಸಂಸ್ಥೆ ದೇಶದಲ್ಲೇ ಲಿನಾಕ್ ಮಾಡಿ ತೋರಿಸಿದೆ. ಸೇವಾಗ್ರಾಮದ ಆಸ್ಪತ್ರೆಯಲ್ಲಿ ಅಂಥದೊಂದು ರೋಗಿಗಳಿಗೆ ಕೆಲಸ ಮಾಡಿದೆ. ಭಾಭಾ ಪರಮಾಣು ಸಂಶೋಧನಾ ಕೇಂದ್ರದ ವಿದ್ಯೆಯಿಂದ ಬೆಂಗಳೂರಿನಲ್ಲಿ ಭಾಭಾಟ್ರಾನ್ ಎಂಬ ಕೋಬಾಲ್ಟ್ ಯಂತ್ರ, ಅಂದರೆ ವಿಕಿರಣ ಸೂಸುವ ಕೋಬಾಲ್ಟ್ ಲೋಹದಿಂದ ಕಿರಣ ಕೊಡುವ ಯಂತ್ರ ತಯಾರಾಗುತ್ತದೆ. ಇದು ಸಾಲದು, ಇನ್ನೂ ಆಗಬೇಕು. ಮಾಡುವವರು ಎಲ್ಲಿಂದ ಬರುತ್ತಾರೆ? ಗಾಳಿ ತೆಗೆದ ಕೊಳವೆ, ಮೈಕ್ರೋವೇವ್, ಕಾಂತ, ಕಿರಣ ಅಳೆಯುವ ಉಪಕರಣ, ಇವನ್ನೆಲ್ಲ ಕೈಯಾರೆ ಮಾಡಿ ಕಲಿತವರು ಬೇಕು. ಅವರು ತಯಾರಾಗುವುದು ಇಂದೋರು, ಕಲ್ಕತ್ತಾ, ಸರ್ನ್‌ನಂಥ ಜಾಗಗಳಲ್ಲೇ. ಆ ಖರ್ಚನ್ನು ಕಡಿದರೆ ಹತ್ತು ಹದಿನೈದು ವರ್ಷದ ನಂತರ ಆಸ್ಪತ್ರೆಯ ಯಂತ್ರ ಕೆಟ್ಟಾಗ ರಿಪೇರಿ ಮಾಡುವ ಕೈ ನಮ್ಮಲ್ಲಿ ಇರುವುದಿಲ್ಲ.

ಕೊನೆಗೆ ಮತ್ತೆ ಅವ್ವನ ವಿಷಯ. ಅವರದು ಎಡಗಡೆ ಎಂದು ಬರೆದಿದ್ದೀರಿ. ಎಡಗಡೆಯಾದರೆ ಹೃದಯ ಹತ್ತಿರ ಇರುತ್ತದೆ. ಆಳವಾಗಿ ಉಸಿರು ತೆಗೆದುಕೊಂಡು ಹಿಡಿದರೆ ಶ್ವಾಸಕೋಶ ತುಂಬಿ ಹೃದಯ ಕಿರಣದ ದಾರಿಯಿಂದ ದೂರ ಸರಿಯುತ್ತದೆ. ಈ ಪದ್ಧತಿ ಅವರಿಗೆ ಆಗುತ್ತದೆಯೇ ಎಂದು ಡಾಕ್ಟರನ್ನು ಕೇಳಿ. ಆಗುತ್ತದೆ ಅಂದರೆ ಈಗಿನಿಂದಲೇ ಮನೆಯಲ್ಲಿ ಅಭ್ಯಾಸ ಮಾಡಿಸಿ. ಇಪ್ಪತ್ತು ಸೆಕೆಂಡು ಹಿಡಿದರೆ ಸಾಕು. ಮೊಮ್ಮಗಳೇ ಎದುರಿಗೆ ಕೂತು ಎಣಿಸಲಿ. ಚರ್ಮದ ಮೇಲೆ ಹಾಕಿದ ಗುರುತುಗಳನ್ನು ಉಜ್ಜಿ ತೊಳೆಯಬೇಡಿ. ಆ ಜಾಗಕ್ಕೆ ಕೇಳದೇ ಎಣ್ಣೆ, ಅರಿಶಿನ ಏನೂ ಹಚ್ಚಬೇಡಿ. ಮಗನಿಗೆ ಯಂತ್ರ ನೋಡುವ ಆಸೆ ಇದ್ದರೆ ಅಲ್ಲಿನ ಫಿಸಿಸಿಸ್ಟನ್ನು ಕೇಳಿ ನೋಡಲಿ. ಕೆಲಸ ಮುಗಿದ ಹೊತ್ತಿನಲ್ಲಿ ನಮ್ಮಲ್ಲಿ ಹೆಚ್ಚಿನವರು ಖುಷಿಯಿಂದ ತೋರಿಸುತ್ತೇವೆ. ಮತ್ತೆ, ಯಂತ್ರಕ್ಕಾಗಿ ಆ ಕೋಣೆಯನ್ನು ತುಂಬಾ ತಣ್ಣಗಿಟ್ಟಿರುತ್ತಾರೆ. ಅವ್ವನಿಗೆ ಒಂದು ಶಾಲು ತೆಗೆದುಕೊಂಡು ಹೋಗಿ.